ನನಗೆ ಓಡುತ್ತೆ, ಕ್ರಾನ್‌ಗೆ ಓಡಲ್ಲ: ಒಂದು ಖಾಲಿ ಹಾಳೆಯ ಹಿಂದೆ ಬಿದ್ದ ಕಥೆ

(ತಂತ್ರಜ್ಞಾನ ಪಾಡ್‌ಕಾಸ್ಟ್‌ನ ಈ ವಾರದ ಸಂಚಿಕೆಯ ಅಕ್ಷರರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಲಿನಕ್ಸ್ ಬಗ್ಗೆ ಮಾತಾಡೋಣ. ಆದರೆ ಶುರು ಮಾಡೋದು ಹಾಲಿನ ಡೇರಿಯಿಂದ.

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ನನ್ನ ಫೋನ್ ಹೊಡ್ಕೊಳ್ತು. ಊರಿಂದ ನಮ್ಮ ಸೋದರಮಾವ. ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ ಅವರು. "ಏನ್ಲಾ, ಹಾಳೆ ಬಿಳೀದಾಗೇ ಬಂದೈತಲ್ಲಾ? ಪ್ರಿಂಟರ್ ಸರಿಯಾಗೇ ಐತೆ, ಬೇರೆದೆಲ್ಲಾ ಬತ್ತಾ ಐತೆ" ಅಂದ್ರು.

ಅವರು ಹೇಳ್ತಿದ್ದ ಹಾಳೆ ಬಟವಾಡೆ ಚೀಟಿಯದ್ದು. ವಾರಕ್ಕೊಮ್ಮೆ ಸದಸ್ಯರಿಗೆ ಹಾಲಿನ ದುಡ್ಡು ಕೊಡುವಾಗ ಯಾರು ಎಷ್ಟು ಲೀಟರ್ ಹಾಕಿದ್ರು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ ಎಷ್ಟು, ಒಟ್ಟು ದುಡ್ಡೆಷ್ಟು ಅಂತ ಒಂದು ಚೀಟಿ ಕೊಡ್ತಾರೆ. ಡೇರಿಯ ಯಂತ್ರದಿಂದ ಬರೋ ಲೆಕ್ಕದಲ್ಲಿ ಇರೋದು ಬರೀ ನಂಬರ್: 101, 102, 103, ಹೀಗೆ. ನಮ್ಮ ಅಜ್ಜಿ ವಯಸ್ಸಿನೋರಿಗೆ ತಮ್ಮ ನಂಬರ್ ನೆನಪಿರಲ್ಲ, ಇಂಗ್ಲಿಷ್‌ನಲ್ಲಿ ಹೆಸರಿದ್ದರೂ ಓದೋಕೆ ಬರಲ್ಲ. ಹಾಗಾಗಿ ಮಾವ ಕೇಳಿಕೊಂಡ್ರು ಅಂತ ನಾನೇ ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೆ. ಅದು ಆ ನಂಬರ್‌ಗಳಿಗೆ ಕನ್ನಡದ ಹೆಸರು ಜೋಡಿಸಿ, ಒಂದು ಹಾಳೆ ಮಾಡಿ, ಮಾವನಿಗೆ ಮೇಲ್ ಕಳಿಸುತ್ತಿತ್ತು. ನಾನು ಬಾಡಿಗೆಗೆ ತಗೊಂಡಿದ್ದ ಒಂದು ಅಗ್ಗದ ಲಿನಕ್ಸ್ ಸರ್ವರ್‌ನಲ್ಲಿ ಓಡುತ್ತಿತ್ತು.

ಎರಡು ತಿಂಗಳು ಪ್ರತಿ ಶನಿವಾರ ರಾತ್ರಿ ನಾನೇ ಲಾಗಿನ್ ಆಗಿ ಕೈಯಿಂದ ಓಡಿಸ್ತಿದ್ದೆ. ಒಂದು ಸಲವೂ ಕೈಕೊಟ್ಟಿರಲಿಲ್ಲ. ಆಮೇಲೆ ಅದೇ ಕೆಲಸ ವಾರ ವಾರ ಮಾಡೋಕೆ ಬೇಜಾರಾಗಿ ಕ್ರಾನ್‌ಗೆ ಹಾಕಿದೆ. ಕ್ರಾನ್ ಅಂದ್ರೆ ಗೊತ್ತಲ್ಲ, ಇಂಥ ದಿನ ಇಂಥ ಹೊತ್ತಿಗೆ ಇಂಥ ಪ್ರೋಗ್ರಾಂ ಓಡಿಸು ಅಂತ ಲಿನಕ್ಸ್‌ಗೆ ಒಪ್ಪಿಸಿಡೋ ವ್ಯವಸ್ಥೆ. ಬೆಳಗಿನ ಜಾವ ನಾಲ್ಕಕ್ಕೆ ಹಾಳೆ ಸಿದ್ಧ ಮಾಡು, ನಾಲ್ಕೂಕಾಲಿಗೆ ಮೇಲ್ ಕಳಿಸು. ಕ್ರಾನ್ ಓಡಿಸಿದ ಮೊದಲನೇ ಭಾನುವಾರವೇ ಈ ಫೋನು.

ಲಾಗಿನ್ ಆಗಿ ನೋಡಿದರೆ ಫೈಲ್ ಇದೆ, ಗಾತ್ರ ಸೊನ್ನೆ ಬೈಟ್. ಕೈಯಿಂದ ಓಡಿಸಿದೆ, ಚೆನ್ನಾಗಿ ಬಂತು, ಕಳಿಸಿದೆ. ಡೇರಿಯ ಲೆಕ್ಕ ಬರೋದು ಸ್ವಲ್ಪ ತಡವಾಗಿರಬೇಕು ಅಂತ ನನ್ನಷ್ಟಕ್ಕೆ ಅಂದುಕೊಂಡು ನಾಲ್ಕು ಗಂಟೆ ಅನ್ನೋದನ್ನ ನಾಲ್ಕೂವರೆ ಮಾಡಿ, ಮೇಲ್‌ನ ಹೊತ್ತನ್ನೂ ಅಷ್ಟೇ ಮುಂದಕ್ಕೆ ಹಾಕಿ ಮಲಗಿದೆ. ಇದು ನಾನು ಮಾಡಿದ ಮೊದಲ ತಪ್ಪು. ಕಾರಣ ಹುಡುಕದೆ, ಊಹೆಗೆ ತಕ್ಕ ಔಷಧಿ ಕೊಟ್ಟೆ.

ಮುಂದಿನ ಭಾನುವಾರ ಮತ್ತೆ ಬಿಳೀ ಹಾಳೆ. ಈ ಸಲ ನಾನು ಬಸ್ಸಿನಲ್ಲಿದ್ದೆ, ಸಿಗ್ನಲ್ ಇರಲಿಲ್ಲ. ಮಾವ ಚೀಟಿ ಇಲ್ಲದೇ ಬಟವಾಡೆ ಮಾಡಿದ್ರು. ನಗರದಲ್ಲಿರೋರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಊರಲ್ಲಿ ಹಾಗಲ್ಲ. ಚೀಟಿ ಇಲ್ಲ ಅಂದ್ರೆ ಫ್ಯಾಟ್ ಎಷ್ಟು ಹಾಕಿದ್ದಾರೆ ಅಂತ ಗೊತ್ತಾಗಲ್ಲ. ಹೋದ ವಾರಕ್ಕಿಂತ ನಲವತ್ತು ರೂಪಾಯಿ ಕಡಿಮೆ ಬಂದ ಮನುಷ್ಯನ ಮನಸ್ಸಿನಲ್ಲಿ ಏನು ಬರುತ್ತೆ ಹೇಳಿ? ಸಂಜೆ ಮಾವ ಫೋನ್ ಮಾಡಿ ಬೈಯಲಿಲ್ಲ. "ಚೀಟಿ ಬೇಕೂಂತ್ಲೇ ಮಡಗಿಕೊಂಡವ್ನೆ ಅಂತವ್ರೆ ಕಣಪ್ಪ" ಅಂದ್ರು, ಅಷ್ಟೇ. ಇಪ್ಪತ್ತು ವರ್ಷ ಆ ಕೆಲಸ ಮಾಡಿದ ಮನುಷ್ಯ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವತ್ತು ರಾತ್ರಿ ನಿಜವಾಗಿ ಹುಡುಕೋಕೆ ಕೂತೆ.

ಮೊದಲು ಆ ತಪ್ಪು ಏನು ಅಂತ ನೋಡಬೇಕಲ್ವಾ? ಪ್ರೋಗ್ರಾಂ ಬಿದ್ದಿದ್ದರೆ ಏನೋ ಕೂಗಿ ಬಿದ್ದಿರಬೇಕು. ಆ ಕೂಗು ಎಲ್ಲಿ ಹೋಯ್ತು? ಕ್ರಾನ್ ಓಡಿಸೋ ಪ್ರೋಗ್ರಾಂ ಪರದೆ ಮೇಲೆ ಬರೆಯೋದನ್ನೆಲ್ಲ ಕ್ರಾನ್ ಆ ಯೂಸರ್‌ಗೆ ಮೇಲ್ ಮಾಡುತ್ತೆ. ಆದರೆ ಮೇಲ್ ಸಾಗಿಸೋ ಪ್ರೋಗ್ರಾಂ ಆ ಸರ್ವರ್‌ನಲ್ಲಿ ಇರಲೇ ಇಲ್ಲ. ನನ್ನ ಸ್ಕ್ರಿಪ್ಟ್ ಹೊರಗಿನ ಮೇಲ್ ಸೇವೆ ಬಳಸ್ತಿತ್ತು. ಸಿಸ್ಟಂ ಲಾಗ್ ತೆಗೆದು ನೋಡಿದರೆ ಎರಡೂ ಭಾನುವಾರ ಕ್ರಾನ್ ಒಂದೊಂದು ಸಾಲು ಬರೆದಿಟ್ಟಿದೆ: ನೋ ಎಂಟಿಎ ಇನ್‌ಸ್ಟಾಲ್ಡ್, ಡಿಸ್ಕಾರ್ಡಿಂಗ್ ಔಟ್‌ಪುಟ್. ಅಂದ್ರೆ, ಟಪಾಲಿನವನು ಇಲ್ಲ, ಕಾಗದ ಎಸೆಯುತ್ತಿದ್ದೇನೆ. ಉಬುಂಟು, ಡೆಬಿಯನ್ ಬಳಸೋರು ಈ ಸಾಲನ್ನ ನೆನಪಿಟ್ಟುಕೊಳ್ಳಿ. ಕ್ರಾನ್‌ಗೆ ಏನೇ ಹಾಕಿದರೂ ಅದರ ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಫೈಲಿಗೆ ತಿರುಗಿಸಿ. ಇಲ್ಲದಿದ್ದರೆ ಸಾಕ್ಷಿ ಉಳಿಯಲ್ಲ.

ಹಾಗೆ ತಿರುಗಿಸಿ, ಎರಡು ನಿಮಿಷದ ಮುಂದಕ್ಕೆ ಕ್ರಾನ್ ಇಟ್ಟು ಕಾದೆ. ಬಂತು. ಪೈಥಾನ್ ಹೇಳಿದ್ದು ಇಷ್ಟು: ಆಸ್ಕಿ ಕೋಡೆಕ್‌ಗೆ ಬೈಟ್ 'ಸೊನ್ನೆ ಎಕ್ಸ್ ಇ ಸೊನ್ನೆ'ಯನ್ನು ಓದಲಾಗುತ್ತಿಲ್ಲ, ಜಾಗ 4, ಸಂಖ್ಯೆ 128ರ ಒಳಗಿಲ್ಲ.

ಈ ಇ ಸೊನ್ನೆ ಕನ್ನಡದವರಿಗೆ ಹಳೇ ನೆಂಟ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರೋ ಜಾಗ ಸಿ80ರಿಂದ ಸಿಎಫ್‌ಎಫ್‌ವರೆಗೆ. ಅದನ್ನ ಯುಟಿಎಫ್-8ರಲ್ಲಿ ಬರೆದಾಗ ಪ್ರತಿ ಅಕ್ಷರಕ್ಕೂ, ಪ್ರತಿ ಕೊಂಬಿಗೂ ಮೂರು ಬೈಟ್ ಹಿಡಿಯುತ್ತೆ, ಮೊದಲ ಬೈಟ್ ಯಾವಾಗಲೂ ಇ ಸೊನ್ನೆ. 'ಕ' ಅಂದ್ರೆ ಇ0, ಬಿ2, 95. ಹಿಂದಿ, ತಮಿಳು, ತೆಲುಗು ಎಲ್ಲದಕ್ಕೂ ಮೊದಲ ಬೈಟ್ ಇದೇ. ಹಾಗಾಗಿ ಎರರ್‌ನಲ್ಲಿ ಇ ಸೊನ್ನೆ ಕಂಡರೆ, ಯಾರೋ ನಮ್ಮ ಲಿಪಿಯನ್ನ ಇಂಗ್ಲಿಷ್ ಅಂದುಕೊಂಡು ಓದೋಕೆ ಹೋಗಿ ಎಡವಿದ್ದಾರೆ ಅಂತ ಬಹುಮಟ್ಟಿಗೆ ಅರ್ಥ. ಜಾಗ 4 ಅಂದ್ರೆ? ಫೈಲಿನ ಮೊದಲ ಸಾಲು '101' ಅಂತ ಶುರುವಾಗಿ ಒಂದು ಅಲ್ಪವಿರಾಮ. ಸೊನ್ನೆಯಿಂದ ಎಣಿಸಿದರೆ ಅದು ಜಾಗ 0, 1, 2, 3. ನಾಲ್ಕನೆಯದು ಮೊದಲ ಸದಸ್ಯೆಯ ಹೆಸರಿನ ಮೊದಲ ಅಕ್ಷರ. ಪ್ರೋಗ್ರಾಂ ಮೊದಲು ಬರೆಯೋ ಫೈಲನ್ನ ತೆರೆದಿತ್ತು, ಆಮೇಲೆ ಹೆಸರಿನ ಪಟ್ಟಿ ಓದೋಕೆ ಹೋಗಿ ಮೊದಲ ಕನ್ನಡ ಅಕ್ಷರದಲ್ಲೇ ಬಿದ್ದಿತ್ತು. ಬರೆಯೋಕೆ ಅಂತ ತೆರೆದ ಕೂಡಲೇ ಹಳೆಯದು ಅಳಿಸಿ ಹೋಗುತ್ತಲ್ಲ, ಅದಕ್ಕೇ ಸೊನ್ನೆ ಬೈಟಿನ ಬಿಳೀ ಹಾಳೆ.

ಸರಿ. ಆದರೆ ನಾನು ಓಡಿಸಿದಾಗ ಯಾಕೆ ಓದುತ್ತೆ?

ನನ್ನ ಜೊತೆ ಕೆಲಸ ಮಾಡೋ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. ಅವನ ಹತ್ತಿರ ಇರೋದು ವಿಂಡೋಸ್ ಲ್ಯಾಪ್‌ಟಾಪ್. ಪುಟ್ಟಿ ಅನ್ನೋ ಪ್ರೋಗ್ರಾಂನಿಂದ ಅದೇ ಸರ್ವರ್‌ಗೆ, ನನ್ನದೇ ಯೂಸರ್ ಹೆಸರಲ್ಲಿ ಲಾಗಿನ್ ಆದ. ಓಡಿಸಿದ. ಬಿತ್ತು! "ನೋಡು ಗುರು, ನಿನ್ನ ಕೋಡೇ ಸರಿ ಇಲ್ಲ" ಅಂದ. ನಾನು ಓಡಿಸಿದೆ, ಓಡ್ತು. "ನೀನು ಏನೋ ತಪ್ಪು ಟೈಪ್ ಮಾಡ್ತಿದೀಯ" ಅಂದೆ. ಹೀಗೇ ಅರ್ಧ ಗಂಟೆ. ಒಂದೇ ಸರ್ವರ್, ಒಂದೇ ಯೂಸರ್, ಒಂದೇ ಫೈಲ್, ಒಂದೇ ಕಮಾಂಡ್. ನನಗೆ ಓಡುತ್ತೆ, ಅವನಿಗೆ ಓಡಲ್ಲ.

ಇಂಥ ಸ್ಥಿತಿಗೆ ಬಂದಾಗ ಕೋಡ್ ಓದೋದನ್ನ ನಿಲ್ಲಿಸಬೇಕು. ಕೋಡ್ ಇಬ್ಬರಿಗೂ ಒಂದೇ ಅಂದ ಮೇಲೆ ವ್ಯತ್ಯಾಸ ಅದರಲ್ಲಿ ಇರೋಕೆ ಸಾಧ್ಯ ಇಲ್ಲ. ವ್ಯತ್ಯಾಸ ಇರೋದು ಅದು ಹುಟ್ಟಿದ ಮನೆಯಲ್ಲಿ.

ಇಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ ಬರುತ್ತೆ. ಕನ್ನಡದಲ್ಲಿ ಪರಿಸರ ಚರಾಂಕ ಅನ್ನಬಹುದು, ಆದರೆ ಹಾಗಂದ್ರೆ ಗಿಡ ನೆಡೋ ಕಾರ್ಯಕ್ರಮ ನೆನಪಾಗುತ್ತೆ. ಎನ್ವಿರಾನ್ಮೆಂಟ್ ಅಂತಲೇ ಅನ್ನೋಣ. 1979ರಲ್ಲಿ ಬಂದ ಯೂನಿಕ್ಸ್ ಏಳನೇ ಆವೃತ್ತಿಯಿಂದ ಇದು ಇದೆ, ಲಿನಕ್ಸ್ ಅದನ್ನೇ ಉಳಿಸಿಕೊಂಡಿದೆ. ವಿಷಯ ಬಹಳ ಸರಳ. ಒಂದು ಪ್ರೋಗ್ರಾಂ ಇನ್ನೊಂದನ್ನ ಹುಟ್ಟಿಸುವಾಗ ಅದರ ಕೈಗೆ ಒಂದು ಬುತ್ತಿ ಕಟ್ಟಿ ಕೊಡುತ್ತೆ. ಬುತ್ತಿಯಲ್ಲಿ ಸಣ್ಣ ಸಣ್ಣ ಚೀಟಿಗಳು, ಎಡಕ್ಕೆ ಹೆಸರು, ಬಲಕ್ಕೆ ಬೆಲೆ, ಮಧ್ಯೆ ಸಮ ಚಿಹ್ನೆ. ನಿನ್ನ ಮನೆ ಇದು, ಕಮಾಂಡ್‌ಗಳನ್ನ ಹುಡುಕಬೇಕಾದ ಫೋಲ್ಡರ್‌ಗಳು ಇವು, ಭಾಷೆ ಇದು, ಹೀಗೆ. ಕಟ್ಟಿ ಕೊಡೋದು ನಕಲು. ಮಗು ತನ್ನ ಬುತ್ತಿಯಲ್ಲಿ ಏನು ಬದಲಾಯಿಸಿದರೂ ತಾಯಿಯ ಅಡುಗೆಮನೆ ಬದಲಾಗಲ್ಲ. ಹಾಗೇ ಮಗು ಹೊರಟ ಮೇಲೆ ತಾಯಿ ಏನು ಬೇಯಿಸಿದರೂ ಮಗುವಿಗೆ ಸಿಗಲ್ಲ. ಸೆಟ್ಟಿಂಗ್ ಬದಲಾಯಿಸಿದೆ, ಆದರೂ ಪ್ರೋಗ್ರಾಂ ಹಳೇ ಥರಾನೇ ಇದೆ ಅಂತ ತಲೆ ಚಚ್ಚಿಕೊಳ್ಳೋರಲ್ಲಿ ಅರ್ಧ ಜನ ಆ ಪ್ರೋಗ್ರಾಂ ಅನ್ನ ನಿಲ್ಲಿಸಿ ಮತ್ತೆ ಶುರು ಮಾಡಿರಲ್ಲ.

ಹಾಗಾದರೆ ಪ್ರಶ್ನೆ ಇದು: ನನ್ನ ಬುತ್ತಿಯಲ್ಲಿ ಏನಿದೆ, ಕ್ರಾನ್ ಕಟ್ಟಿ ಕೊಟ್ಟ ಬುತ್ತಿಯಲ್ಲಿ ಏನಿಲ್ಲ?

ನೋಡೋದು ಸುಲಭ. 'ಎನ್ವ್' ಅಂತ ಒಂದು ಕಮಾಂಡ್ ಇದೆ, ಇ ಎನ್ ವಿ, ಮೂರೇ ಅಕ್ಷರ. ಬುತ್ತಿ ಬಿಚ್ಚಿ ಎಲ್ಲ ತೋರಿಸುತ್ತೆ. ಅದರ ಔಟ್‌ಪುಟ್ ಅನ್ನ 'ಸಾರ್ಟ್‌'ಗೆ ಕೊಟ್ಟು ಅಕ್ಷರಕ್ರಮದಲ್ಲಿ ಜೋಡಿಸಿ ಒಂದು ಫೈಲಿಗೆ ಹಾಕಿದೆ. ಅದೇ ಸಾಲನ್ನ ಕ್ರಾನ್‌ಗೂ ಒಂದು ನಿಮಿಷದ ಮಟ್ಟಿಗೆ ಹಾಕಿ ಇನ್ನೊಂದು ಫೈಲಿಗೆ ಬರೆಸಿದೆ. ಗೆಳೆಯನ ಕೈಲೂ ಒಂದು ಮಾಡಿಸಿದೆ. ಆಮೇಲೆ 'ಡಿಫ್' ಕಮಾಂಡ್‌ನಿಂದ ಮೂರನ್ನೂ ಹೋಲಿಸಿದೆ.

ನನ್ನದರಲ್ಲಿ ಮೂವತ್ತರ ಹತ್ತಿರ ಸಾಲು. ಕ್ರಾನ್‌ದರಲ್ಲಿ ಐದು. ಹೋಮ್, ಲಾಗ್‌ನೇಮ್, ಪಾತ್, ಶೆಲ್, ಪಿಡಬ್ಲ್ಯುಡಿ. ಅಷ್ಟೇ. ಗೆಳೆಯನದ್ದು ನನ್ನದರ ಥರವೇ ಉದ್ದ ಇತ್ತು, ಆದರೆ ಒಂದು ಸಾಲು ಕಡಿಮೆ. ನನ್ನಲ್ಲಿದ್ದು, ಅವನಲ್ಲೂ ಕ್ರಾನ್‌ನಲ್ಲೂ ಇಲ್ಲದ ಸಾಲು ಅದು: ಲ್ಯಾಂಗ್. ಎಲ್ ಎ ಎನ್ ಜಿ, ಎಲ್ಲ ದೊಡ್ಡಕ್ಷರ. ನನ್ನಲ್ಲಿ ಅದರ ಬೆಲೆ ಅಮೆರಿಕದ ಇಂಗ್ಲಿಷ್, ಯುಟಿಎಫ್-8.

ಈ ಲ್ಯಾಂಗ್ ಅನ್ನೋದು ಪ್ರೋಗ್ರಾಂಗೆ ಭಾಷೆಯನ್ನಷ್ಟೇ ಅಲ್ಲ, ಅಕ್ಷರಗಳನ್ನ ಬೈಟ್ ಮಾಡೋ ರೀತಿಯನ್ನೂ ಹೇಳುತ್ತೆ. ಇದು ಇಲ್ಲದಿದ್ದರೆ 'ಸಿ' ಅನ್ನೋ ಹಳೇ ಲೊಕೇಲ್ ಜಾರಿಗೆ ಬರುತ್ತೆ. ಅಲ್ಲಿ ಆಸ್ಕಿಯ 128 ಚಿಹ್ನೆ ಬಿಟ್ಟರೆ ಪ್ರಪಂಚವೇ ಇಲ್ಲ. ಆ ಸರ್ವರ್‌ನಲ್ಲಿ ಉಬುಂಟು 18.04 ಇತ್ತು, ಅದರ ಜೊತೆ ಬಂದಿದ್ದು ಪೈಥಾನ್ 3.6. ಫೈಲ್ ತೆರೆಯುವಾಗ ಯಾವ ಎನ್‌ಕೋಡಿಂಗ್ ಅಂತ ನಾವು ಹೇಳದಿದ್ದರೆ ಪೈಥಾನ್ ಈ ಲೊಕೇಲ್ ನೋಡಿ ತೀರ್ಮಾನ ಮಾಡುತ್ತೆ. ನಾನು ಹೇಳಿರಲಿಲ್ಲ. ತಮಾಷೆ ಅಂದ್ರೆ, ಸಿ ಲೊಕೇಲ್ ಕಂಡರೂ ಯುಟಿಎಫ್-8ನ್ನೇ ಹಿಡಿಯೋ ಬುದ್ಧಿ ಪೈಥಾನ್‌ಗೆ ಬಂದಿದ್ದು 3.7ರಲ್ಲಿ, 2018ರ ಜೂನ್‌ನಲ್ಲಿ. ಉಬುಂಟು 18.04 ಬಂದಿದ್ದು ಅದೇ ವರ್ಷ ಏಪ್ರಿಲ್‌ನಲ್ಲಿ. ಎರಡು ತಿಂಗಳಲ್ಲಿ ತಪ್ಪಿ ಹೋಯ್ತು.

ಇನ್ನೂ ಒಂದು ಗಂಟು ಬಿಚ್ಚಬೇಕಿತ್ತು. ಲ್ಯಾಂಗ್ ಸರ್ವರ್‌ನಲ್ಲೇ ಇದ್ದಿದ್ದರೆ ಗೆಳೆಯನಿಗೂ ಸಿಗಬೇಕಿತ್ತು. ನನಗೆ ಮಾತ್ರ ಎಲ್ಲಿಂದ ಬಂತು?

ನನ್ನ ಲ್ಯಾಪ್‌ಟಾಪ್‌ನಿಂದ. ಇದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನನ್ನದು ಉಬುಂಟು ಲ್ಯಾಪ್‌ಟಾಪ್. ಡೆಬಿಯನ್, ಉಬುಂಟುಗಳಲ್ಲಿ ಎಸ್‌ಎಸ್‌ಎಚ್ ಕ್ಲೈಂಟ್ ಲಾಗಿನ್ ಆಗುವಾಗ ನಿಮ್ಮ ಲ್ಯಾಂಗ್ ಮತ್ತು ಎಲ್‌ಸಿಯಿಂದ ಶುರುವಾಗೋ ಎಲ್ಲ ವೇರಿಯಬಲ್‌ಗಳನ್ನ ಜೊತೆಗೆ ಕಳಿಸುತ್ತೆ, ಆ ಕಡೆಯ ಎಸ್‌ಎಸ್‌ಎಚ್ ಸರ್ವರ್ ಅವನ್ನ ತಗೊಳ್ಳುತ್ತೆ. ಎರಡೂ ಕಡೆ ಡೀಫಾಲ್ಟ್ ಸೆಟ್ಟಿಂಗ್ ಹಾಗೇ ಇದೆ. ಪುಟ್ಟಿ ತಾನಾಗಿ ಕಳಿಸಲ್ಲ. ಅಂದ್ರೆ ಎರಡು ತಿಂಗಳು ಆ ಸ್ಕ್ರಿಪ್ಟ್ ಸರಿಯಾಗಿ ಓಡಿದ್ದು ನನ್ನ ಲ್ಯಾಪ್‌ಟಾಪ್ ಕಟ್ಟಿ ಕಳಿಸಿದ ಬುತ್ತಿಯಿಂದ. ಸರ್ವರ್‌ನ ಮನೆಯಲ್ಲಿ ಒಲೆ ಹೊತ್ತಿಸಿಯೇ ಇರಲಿಲ್ಲ.

ಅದಕ್ಕಿಂತ ನಾಚಿಕೆಯ ವಿಷಯ ಮುಂದಿದೆ. ಆ ಸರ್ವರ್ ತಗೊಂಡ ಮೊದಲ ದಿನ ಏನೇ ಇನ್‌ಸ್ಟಾಲ್ ಮಾಡಿದರೂ 'ಪರ್ಲ್, ವಾರ್ನಿಂಗ್, ಸೆಟ್ಟಿಂಗ್ ಲೊಕೇಲ್ ಫೇಲ್ಡ್' ಅಂತ ಬರ್ತಿತ್ತು. ಸರ್ವರ್ ಇಟ್ಟುಕೊಂಡಿರೋ ಎಷ್ಟೋ ಜನ ಇದನ್ನ ನೋಡಿರ್ತೀರಿ. ಲ್ಯಾಪ್‌ಟಾಪ್ ಕಳಿಸಿದ ಲೊಕೇಲ್ ಸರ್ವರ್‌ನಲ್ಲಿ ತಯಾರಾಗಿಲ್ಲ ಅನ್ನೋದು ಅದರ ಅರ್ಥ. ನಾನು ಎಲ್ಲೋ ಓದಿ 'ಲೊಕೇಲ್-ಜೆನ್' ಅನ್ನೋ ಕಮಾಂಡ್ ಹೊಡೆದೆ, ಎಚ್ಚರಿಕೆ ಹೋಯ್ತು, ಸುಮ್ಮನಾದೆ. ಆ ಕಮಾಂಡ್ ಲೊಕೇಲ್ ಅನ್ನ ತಯಾರು ಮಾಡಿ ಕಪಾಟಿನಲ್ಲಿ ಇಡುತ್ತೆ, ಅಷ್ಟೇ. ಇದನ್ನೇ ಎಲ್ಲರಿಗೂ ಬಡಿಸು ಅಂತ ಹೇಳೋದು 'ಅಪ್‌ಡೇಟ್-ಲೊಕೇಲ್' ಅನ್ನೋ ಬೇರೆ ಕಮಾಂಡ್. ಅದನ್ನ ಹೊಡೆದಿರಲಿಲ್ಲ. ಸರ್ವರ್‌ನ ಡೀಫಾಲ್ಟ್ ಲೊಕೇಲ್ ಖಾಲಿಯಾಗೇ ಉಳಿಯಿತು. ಅದನ್ನ ತುಂಬಿದ್ದಿದ್ದರೆ ಉಬುಂಟುವಿನ ಕ್ರಾನ್ ಅಲ್ಲಿಂದಲೇ ಲ್ಯಾಂಗ್ ತಗೊಳ್ತಿತ್ತು. ಮೊದಲ ದಿನ ಅರ್ಥ ಮಾಡಿಕೊಳ್ಳದೆ ಬಾಯಿ ಮುಚ್ಚಿಸಿದ ಎಚ್ಚರಿಕೆ, ಎರಡು ತಿಂಗಳ ನಂತರ ಊರಲ್ಲಿ ಮಾವನ ತಲೆ ಮೇಲೆ ಬಿತ್ತು.

ಸರಿಪಡಿಸೋವಾಗಲೂ ಒಂದು ಸಲ ಎಡವಿದೆ, ಅದನ್ನೂ ಹೇಳಿಬಿಡ್ತೀನಿ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಮೊದಲು ಸಿಗೋ ಸಲಹೆ 'ಪೈಥಾನ್ ಐಓ ಎನ್‌ಕೋಡಿಂಗ್' ಅನ್ನೋ ವೇರಿಯಬಲ್‌ಗೆ ಯುಟಿಎಫ್-8 ಅಂತ ಕೊಡಿ ಅನ್ನೋದು. ಕೊಟ್ಟೆ. ಮತ್ತೆ ಅದೇ ಎರರ್. ಯಾಕಂದ್ರೆ ಆ ವೇರಿಯಬಲ್ ಪರದೆಗೆ ಬರೆಯೋದಕ್ಕೆ, ಕೀಲಿಮಣೆಯಿಂದ ಓದೋದಕ್ಕೆ, ಅಂದ್ರೆ ಆ ಮೂರು ಸ್ಟ್ಯಾಂಡರ್ಡ್ ಕೊಳವೆಗಳಿಗೆ ಮಾತ್ರ ಅನ್ವಯ. ನಾವೇ ತೆರೆಯೋ ಫೈಲುಗಳಿಗೆ ಅಲ್ಲ.

ಕೊನೆಗೆ ಮಾಡಿದ್ದು ಮೂರು. ಸ್ಕ್ರಿಪ್ಟ್‌ನಲ್ಲಿ ಫೈಲ್ ತೆರೆಯೋ ಪ್ರತಿ ಕಡೆ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಿದೆ. ನನ್ನ ಪ್ರಕಾರ ಇದೇ ಸರಿಯಾದ ಔಷಧಿ, ಉಳಿದದ್ದು ಪಥ್ಯ. ನಮ್ಮ ಫೈಲು ಯಾವುದರಲ್ಲಿದೆ ಅಂತ ನಮಗೆ ಗೊತ್ತಿರುವಾಗ ಅದನ್ನ ಬುತ್ತಿ ನೋಡಿ ಊಹಿಸು ಅಂತ ಪ್ರೋಗ್ರಾಂಗೆ ಯಾಕೆ ಬಿಡಬೇಕು? ಎರಡನೆಯದು, ಕ್ರಾನ್ ಫೈಲಿನ ಮೇಲ್ಗಡೆಯೇ ಲ್ಯಾಂಗ್ ಅನ್ನ 'ಸಿ ಡಾಟ್ ಯುಟಿಎಫ್-8' ಅಂತ ಬರೆದೆ. ಡೆಬಿಯನ್, ಉಬುಂಟುಗಳಲ್ಲಿ ಈ ಲೊಕೇಲ್ ಅನ್ನ ಬೇರೆಯಾಗಿ ತಯಾರಿಸಬೇಕಾಗಿಲ್ಲ, ಇದ್ದೇ ಇರುತ್ತೆ. ಮೂರನೆಯದು, ಹಾಳೆಯನ್ನ ಮೊದಲು ಬೇರೆ ಹೆಸರಲ್ಲಿ ಬರೆದು, ಪೂರ್ತಿಯಾದ ಮೇಲಷ್ಟೇ ನಿಜವಾದ ಹೆಸರಿಗೆ ಬದಲಾಯಿಸೋ ಹಾಗೆ ಮಾಡಿದೆ. ಖಾಲಿ ಫೈಲ್ ಇದ್ದರೆ ಮೇಲ್ ಹೋಗೋದೇ ಬೇಡ, ನನಗೆ ಒಂದು ಎಸ್‌ಎಂಎಸ್ ಬರಲಿ.

ಪರೀಕ್ಷೆ ಮಾಡೋಕೆ ಬೆಳಗಿನ ಜಾವದವರೆಗೆ ಕಾಯಬೇಕಾಗಿಲ್ಲ. 'ಎನ್ವ್' ಮುಂದೆ ಹೈಫನ್ ಐ ಹಾಕಿ ಆಮೇಲೆ ನಿಮ್ಮ ಕಮಾಂಡ್ ಕೊಟ್ಟರೆ, ಬುತ್ತಿಯನ್ನ ಪೂರ್ತಿ ಖಾಲಿ ಮಾಡಿ ಓಡಿಸುತ್ತೆ. ಮಧ್ಯೆ ಹೋಮ್ ಮತ್ತು ಪಾತ್ ಎರಡನ್ನ ಮಾತ್ರ ಬರೆದುಕೊಟ್ಟರೆ ಕ್ರಾನ್‌ನ ಬಡತನ ಹೆಚ್ಚುಕಡಿಮೆ ಹಾಗೇ ಸಿಗುತ್ತೆ. ಅಲ್ಲಿ ಓಡಿದರೆ ರಾತ್ರಿ ನಿದ್ದೆ ಮಾಡಬಹುದು.

ಲ್ಯಾಂಗ್ ನನ್ನ ಕಥೆ. ನಿಮ್ಮದು ಬೇರೆ ವೇರಿಯಬಲ್ ಇರಬಹುದು. ಹೆಚ್ಚು ಜನರನ್ನ ಕಾಡೋದು ಪಾತ್. ಕಮಾಂಡ್‌ನ ಹೆಸರು ಕೊಟ್ಟರೆ ಯಾವ್ಯಾವ ಫೋಲ್ಡರ್‌ನಲ್ಲಿ ಹುಡುಕಬೇಕು ಅನ್ನೋ ಪಟ್ಟಿ ಅದು. ನಿಮ್ಮ ಟರ್ಮಿನಲ್‌ನಲ್ಲಿ ಅದು ಉದ್ದ ಇರುತ್ತೆ, ಕ್ರಾನ್‌ನಲ್ಲಿ ಬರೀ ಎರಡು ಫೋಲ್ಡರ್. ಕಮಾಂಡ್ ನಾಟ್ ಫೌಂಡ್ ಅಂತ ಬಂದರೆ, ಅಥವಾ ಎಕ್ಸಿಟ್ ಕೋಡ್ 127 ಅಂತ ಕಂಡರೆ, ಮೊದಲು ಪಾತ್ ನೋಡಿ. 126 ಅಂದ್ರೆ ಬೇರೆ, ಪ್ರೋಗ್ರಾಂ ಸಿಕ್ಕಿದೆ ಆದರೆ ಓಡಿಸೋಕೆ ಆಗ್ತಿಲ್ಲ, ಸಾಮಾನ್ಯವಾಗಿ ಅನುಮತಿ ಇರಲ್ಲ.

ಇಲ್ಲಿ ಒಂದು ಹಳ್ಳ ಇದೆ, ನಾನೂ ಬಿದ್ದಿದ್ದೀನಿ. ಟರ್ಮಿನಲ್‌ನಲ್ಲಿ ಬರೆದು ಅಭ್ಯಾಸ ಅಂತ ಕ್ರಾನ್ ಫೈಲಿನ ಮೇಲೂ 'ಪಾತ್ ಅಂದ್ರೆ ಹಳೇ ಪಾತ್ ಜೊತೆಗೆ ಇನ್ನೊಂದು ಫೋಲ್ಡರ್' ಅಂತ ಡಾಲರ್ ಚಿಹ್ನೆ ಹಾಕಿ ಬರೀತೀವಿ. ಕ್ರಾನ್ ಆ ಡಾಲರ್ ಅನ್ನ ಬಿಡಿಸಲ್ಲ. ಅಕ್ಷರಕ್ಕೆ ಅಕ್ಷರ ಹಾಗೇ ಇಟ್ಟುಕೊಳ್ಳುತ್ತೆ. ಆಗ ಇದ್ದ ಎರಡು ಫೋಲ್ಡರೂ ಕಳೆದು ಹೋಗಿ, ಫೈಲ್ ಪಟ್ಟಿ ಮಾಡೋ 'ಎಲ್‌ಎಸ್' ಕಮಾಂಡ್ ಕೂಡ ಸಿಗಲ್ಲ ಅಂತ ಬರುತ್ತೆ. ಇಟಿಸಿ ಫೋಲ್ಡರ್‌ನೊಳಗಿನ 'ಎನ್ವಿರಾನ್ಮೆಂಟ್' ಫೈಲೂ ಹಾಗೇ, ನೋಡೋಕೆ ಶೆಲ್ ಸ್ಕ್ರಿಪ್ಟ್ ಥರ ಇದ್ದರೂ ಅದು ಸ್ಕ್ರಿಪ್ಟ್ ಅಲ್ಲ. ಪೂರ್ತಿ ಪಟ್ಟಿ ಬಿಡಿಸಿ ಬರೀರಿ.

'ನಾನು ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಹಾಕಿದ್ದೀನಲ್ಲ' ಅಂತ ತುಂಬಾ ಜನ ಕೇಳ್ತಾರೆ. ಅದು ನೀವು ಟರ್ಮಿನಲ್ ತೆರೆದಾಗ ಬ್ಯಾಶ್ ಓದೋ ಫೈಲು. ಕ್ರಾನ್ ಅದನ್ನ ಮುಟ್ಟೋದೂ ಇಲ್ಲ, ಕ್ರಾನ್ ಬಳಸೋ ಶೆಲ್ ಉಬುಂಟುವಿನಲ್ಲಿ ಬ್ಯಾಶ್ ಕೂಡ ಅಲ್ಲ, ಡ್ಯಾಶ್ ಅನ್ನೋ ಚಿಕ್ಕ ಶೆಲ್. ಸಾಲದ್ದಕ್ಕೆ ಉಬುಂಟುವಿನ ಬ್ಯಾಶ್‌ಆರ್‌ಸಿ ಆರಂಭದಲ್ಲೇ 'ಎದುರಿಗೆ ಮನುಷ್ಯ ಕೂತಿಲ್ಲ ಅಂದ್ರೆ ಇಲ್ಲಿಂದಲೇ ವಾಪಸ್' ಅಂತ ಬರೆದಿರುತ್ತೆ. 'ಸೂಡೊ' ಹಾಕಿದಾಗ ಓಡೋದು ನಿಂತರೆ, ಅದೂ ಇದೇ ಜಾತಿ: ಸೂಡೊ ಬುತ್ತಿಯ ಬಹುಪಾಲನ್ನ ಬಾಗಿಲಲ್ಲೇ ಇಳಿಸಿಕೊಂಡು ಒಳಗೆ ಬಿಡುತ್ತೆ. ಸಿಸ್ಟಂ-ಡಿಯಲ್ಲಿ ಸರ್ವಿಸ್ ಮಾಡಿದ್ದರೆ ಆ ಸರ್ವಿಸ್ ಫೈಲಿನಲ್ಲೇ ಎನ್ವಿರಾನ್ಮೆಂಟ್ ಅಂತ ಸಾಲು ಬರೆಯಬೇಕು, ಬರೆದ ಮೇಲೆ ಡೀಮನ್-ರೀಲೋಡ್ ಮಾಡಿ ಸರ್ವಿಸ್ ಅನ್ನ ಮತ್ತೆ ಶುರು ಮಾಡಬೇಕು.

ಕಣ್ಣಿಗೆ ಕಾಣದ ಒಂದು ತಪ್ಪಿನ ಬಗ್ಗೆ ಹೇಳಲೇಬೇಕು. ವೇರಿಯಬಲ್‌ಗಳ ಫೈಲನ್ನ ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ಹೊಸದಾಗಿ ಬರೆದರೆ, ಸಾಲಿನ ಕೊನೆಯಲ್ಲಿ ಕ್ಯಾರಿಯೇಜ್ ರಿಟರ್ನ್ ಅನ್ನೋ ಒಂದು ಚಿಹ್ನೆ ಸೇರಿಕೊಳ್ಳುತ್ತೆ. ಪಾಸ್‌ವರ್ಡ್ ಸರಿಯಿದೆ, ಹೆಸರು ಸರಿಯಿದೆ, ಆದರೂ ಡೇಟಾಬೇಸ್ ಒಳಗೆ ಬಿಡಲ್ಲ. ಪ್ರಿಂಟ್ ಮಾಡಿ ನೋಡಿದರೂ ಏನೂ ಕಾಣಲ್ಲ. 'ಕ್ಯಾಟ್' ಕಮಾಂಡ್‌ಗೆ ಹೈಫನ್ ದೊಡ್ಡ ಎ ಹಾಕಿ ಆ ಫೈಲ್ ತೆರೆದರೆ ಸಾಲಿನ ಕೊನೆಗೆ ಒಂದು ಟೋಪಿ ಚಿಹ್ನೆ ಮತ್ತು ಎಂ ಕಾಣುತ್ತೆ. ಅದೇ ಕಳ್ಳ. ಸಾಲಿನ ಕೊನೆಯ ಜಾಗ ಕೂಡ ಅಲ್ಲೇ ಸಿಕ್ಕಿಬೀಳುತ್ತೆ, ಯಾಕಂದ್ರೆ ಸಾಲು ಮುಗಿಯೋ ಕಡೆ ಡಾಲರ್ ಬರುತ್ತೆ.

ಕನ್ನಡ ಟೈಪ್ ಮಾಡೋರಿಗೆ ಒಂದು ಮಾತು. ಐಬಸ್ ಹಾಕಿಕೊಂಡಿದ್ದೀರಿ, ಕೆಲವು ಪ್ರೋಗ್ರಾಂಗಳಲ್ಲಿ ಕನ್ನಡ ಮೂಡುತ್ತೆ, ಇನ್ನು ಕೆಲವದರಲ್ಲಿ ಮೂಡಲ್ಲ ಅಂದ್ರೆ ಫಾಂಟ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಎಕ್ಸ್11 ಪರದೆಯಲ್ಲಿ ಮೂರು ವೇರಿಯಬಲ್ ನೋಡಿ: ಜಿಟಿಕೆ ಐಎಂ ಮಾಡ್ಯೂಲ್, ಕ್ಯೂಟಿ ಐಎಂ ಮಾಡ್ಯೂಲ್, ಎಕ್ಸ್ ಮಾಡಿಫೈಯರ್ಸ್. ಮೊದಲೆರಡರಲ್ಲಿ 'ಐಬಸ್' ಅಂತ, ಮೂರನೆಯದರಲ್ಲಿ 'ಅಟ್ ಐಎಂ ಸಮ ಐಬಸ್' ಅಂತ ಇರಬೇಕು. ಜಿಟಿಕೆ ಒಂದನ್ನೇ ತುಂಬಿ ಕ್ಯೂಟಿಯನ್ನ ಬಿಟ್ಟರೆ, ಅಥವಾ ಹಿಂದೆ ಬಳಸಿದ್ದ ಬೇರೆ ಟೈಪಿಂಗ್ ವ್ಯವಸ್ಥೆಯ ಹೆಸರು ಅಲ್ಲೇ ಉಳಿದಿದ್ದರೆ, ಕ್ಯೂಟಿಯಲ್ಲಿ ಮಾಡಿದ ಪ್ರೋಗ್ರಾಂಗಳಲ್ಲಿ ಕೈಕೊಡುತ್ತೆ. ಬದಲಾಯಿಸಿದ ಮೇಲೆ ಲಾಗೌಟ್ ಆಗಿ ಮತ್ತೆ ಬನ್ನಿ. ಹಳೇ ಬುತ್ತಿ ಹಿಡಿದು ಕೂತಿರೋ ಪ್ರೋಗ್ರಾಂಗಳಿಗೆ ಹೊಸದು ತಲುಪಲ್ಲ ಅಂತ ಆಗಲೇ ಹೇಳಿದೆನಲ್ಲ.

ಈಗಾಗಲೇ ಓಡ್ತಿರೋ ಪ್ರೋಗ್ರಾಂ ಹೊರಡುವಾಗ ಏನು ಹಿಡಿದು ಬಂತು ಅಂತಲೂ ನೋಡಬಹುದು. 'ಪ್ರಾಕ್' ಫೋಲ್ಡರ್‌ನೊಳಗೆ ಆ ಪ್ರೋಸೆಸ್‌ನ ನಂಬರ್ ಇರೋ ಫೋಲ್ಡರ್, ಅದರಲ್ಲಿ 'ಎನ್ವಿರಾನ್' ಅನ್ನೋ ಫೈಲು. ಸಾಲುಗಳ ಮಧ್ಯೆ ಹೊಸ ಸಾಲಿನ ಬದಲು ಶೂನ್ಯ ಬೈಟ್ ಇರೋದರಿಂದ ಎಲ್ಲ ಅಂಟಿಕೊಂಡು ಕಾಣುತ್ತೆ, 'ಟಿಆರ್' ಕಮಾಂಡ್‌ನಿಂದ ಬಿಡಿಸಿಕೊಳ್ಳಿ. ಸರ್ವಿಸ್ ಯಾಕೆ ಹೀಗೆ ಆಡ್ತಿದೆ ಅಂತ ಊಹಿಸೋದಕ್ಕಿಂತ ಇದು ಎಷ್ಟೋ ಮೇಲು.

ಒಂದು ಎಚ್ಚರಿಕೆ. ಸಹಾಯ ಕೇಳೋವಾಗ ಎನ್ವ್ ಕಮಾಂಡ್‌ನ ಔಟ್‌ಪುಟ್ ಅನ್ನ ಹಾಗೇ ವಾಟ್ಸಾಪ್ ಗುಂಪಿಗೆ ಅಂಟಿಸಬೇಡಿ. ಡೇಟಾಬೇಸ್ ಪಾಸ್‌ವರ್ಡ್, ಕ್ಲೌಡ್‌ನ ಕೀಲಿ ಎಲ್ಲ ಈಗ ಎನ್ವಿರಾನ್ಮೆಂಟ್‌ನಲ್ಲೇ ಇಡೋದು ರೂಢಿ. ಆವತ್ತು ರಾತ್ರಿ ಗೆಳೆಯನಿಗೆ ನಾನು ಕಳಿಸಿದ ಪಟ್ಟಿಯಲ್ಲಿ ನನ್ನ ಮೇಲ್ ಸೇವೆಯ ಪಾಸ್‌ವರ್ಡ್ ಇತ್ತು. ಅವನೇ ನೋಡಿ ಹೇಳಿದ. ಬದಲಾಯಿಸಿದೆ.

ಮೂರನೇ ಭಾನುವಾರ ನಾಲ್ಕೂವರೆಗೇ ಎದ್ದು ಲಾಗ್ ಫೈಲ್ ನೋಡ್ತಾ ಕೂತೆ. ಓಡಿತು. ಐದೂವರೆಗೆ ಮಾವನ ಫೋನ್ ಬರಲಿಲ್ಲ, ನಾನೇ ಮಾಡಿದೆ. ಚೀಟಿ ಎಲ್ಲ ಬಂದಿತ್ತು. ಹಿಂದಿನ ವಾರದ್ದನ್ನೂ ಸೇರಿಸಿ ಕಳಿಸಿದ್ದೆ, ಎರಡನ್ನೂ ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ರಂತೆ. ನಲವತ್ತು ರೂಪಾಯಿ ಕಡಿಮೆ ಬಂದಿದ್ದ ಮನುಷ್ಯ ಬಂದು ಬೋರ್ಡಿನ ಮುಂದೆ ನಿಂತು ಎರಡು ವಾರದ ಫ್ಯಾಟ್ ಓದಿಕೊಂಡು ಹೋದನಂತೆ, ಏನೂ ಅನ್ನಲಿಲ್ಲವಂತೆ. ಆಮೇಲೆ ಮಾವ ಅಂದ್ರು, "ಎಲ್ಲಾ ಚೆಂದಾಗೈತೆ. ಆ ಫ್ಯಾಟ್ ಬರಿಯೋದು ಒಸಿ ದಪ್ಪಕೆ ಮಾಡ್ಲಾ, ಕನ್ನಡಕ ಹಾಕ್ಕೊಂಡ್ರೂ ಕಾಣಾಕಿಲ್ಲ."

ಮಾಡಿಕೊಟ್ಟೆ.